ಏರಿಯಾದಲ್ಲಿ ಒಳ್ಳೆ ಪಿಜ್ಜಾ ಎಲ್ಲಿ? ಮೊದಲು ಓವನ್ ನೋಡಿ, ಆಮೇಲೆ ಮೆನು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ನಡೆದು ಹೋಗುವಷ್ಟು ದೂರದಲ್ಲೇ ನಾಲ್ಕೈದು ಬಗೆಯ ಪಿಜ್ಜಾ ಸಿಗುತ್ತದೆ. ಅಯ್ಯಂಗಾರ್ ಬೇಕರಿಯಲ್ಲಿ ಖಾರ ಬನ್ನಿನ ಪಕ್ಕದಲ್ಲೇ ವೆಜ್ ಪಿಜ್ಜಾ ಇಟ್ಟಿರುತ್ತಾರೆ. ಸರ್ಕಲ್ ಹತ್ತಿರ ಚೈನ್ ಅಂಗಡಿ ಇರುತ್ತದೆ. ಮೊದಲ ಮಹಡಿಯಲ್ಲಿ ಕಾಲೇಜು ಹುಡುಗರು ತುಂಬಿರುವ ಕೆಫೆ, ಮೇನ್ ರೋಡಿನಲ್ಲಿ ಸೌದೆ ಒಟ್ಟಿಟ್ಟ ಇಟಾಲಿಯನ್ ರೆಸ್ಟೋರೆಂಟ್. ಸಾಲದು ಅಂತ ಬೋರ್ಡೇ ಇಲ್ಲದ, ಆ್ಯಪ್‌ನಲ್ಲಿ ಮಾತ್ರ ಕಾಣುವ ಅಡುಗೆಮನೆಗಳು ಬೇರೆ. ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ರೇಟಿಂಗ್.

ಇವುಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾಕೆಂದರೆ ಇವೆಲ್ಲ ಒಂದೇ ತಿಂಡಿ ಅಲ್ಲ. ಒಂದೊಂದು ಅಂಗಡಿಯಲ್ಲೂ ಓವನ್ ಬೇರೆ, ಅದರ ಬಿಸಿ ಬೇರೆ. ಆ ಬಿಸಿಯೇ ಬೇಸ್ ಹೇಗಿರಬೇಕು, ಚೀಸ್ ಯಾವುದಿರಬೇಕು, ಮೇಲೆ ಎಷ್ಟು ಹಾಕಬಹುದು, ಮನೆಗೆ ತರಿಸಿದರೆ ಉಳಿಯುತ್ತದೋ ಇಲ್ಲವೋ ಎಂಬುದನ್ನೆಲ್ಲ ತೀರ್ಮಾನ ಮಾಡುತ್ತದೆ. ಸೆಟ್ ದೋಸೆ ತಿನ್ನುವಾಗ ಗರಿಗರಿ ಇಲ್ಲ ಎಂದು ಯಾರೂ ಜಗಳ ಮಾಡುವುದಿಲ್ಲ. ಪಿಜ್ಜಾ ವಿಷಯದಲ್ಲಿ ಮಾತ್ರ ನಾವು ಅದೇ ಜಗಳ ಮಾಡುತ್ತೇವೆ.

ಇದಕ್ಕೆ ಒಂದು ಕಾರಣವೂ ಇದೆ. ಪಿಜ್ಜಾ ಹಟ್ ಭಾರತದಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದು 1996ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅದೇ ವರ್ಷ ಡಾಮಿನೋಸ್ ದೆಹಲಿಯಲ್ಲಿ ಶುರುವಾಯಿತು. ನಮ್ಮಲ್ಲಿ ಬಹಳ ಜನರಿಗೆ ಪಿಜ್ಜಾ ಅಂದರೆ ಆಗ ನಾಲಿಗೆಗೆ ಹತ್ತಿದ ರುಚಿಯೇ. ದಪ್ಪ ಬೇಸ್, ಎಣ್ಣೆಯಲ್ಲಿ ಕೆಂಪಗೆ ಬೆಂದ ತಳ, ಕಾಣುವಷ್ಟು ಜಾಗಕ್ಕೂ ಚೀಸ್. ಅದನ್ನೇ ಅಳತೆಗೋಲು ಮಾಡಿಕೊಂಡು ಇಟಲಿಯ ನೇಪಲ್ಸ್ ಶೈಲಿಯ ಪಿಜ್ಜಾ ತಿಂದರೆ 'ಮಧ್ಯದಲ್ಲಿ ಮೆತ್ತಗಿದೆ, ಅಂಚು ಸುಟ್ಟಿದೆ, ಚೀಸೇ ಇಲ್ಲ' ಅನ್ನಿಸುವುದು ಸಹಜ. ಮೂರೂ ದೂರುಗಳು ನಿಜ. ಆದರೆ ಆ ಪಿಜ್ಜಾ ಇರಬೇಕಾದ್ದೇ ಹಾಗೆ.

ಓವನ್ ನೋಡಿ ಆರಿಸುವುದು

ಅತಿ ಹೆಚ್ಚು ಬಿಸಿಯಿಂದ ಶುರು ಮಾಡೋಣ. ಗುಮ್ಮಟದ ಆಕಾರದ ಕಲ್ಲಿನ ಓವನ್, ಒಳಗೆ ಸೌದೆ ಅಥವಾ ಗ್ಯಾಸ್ ಬೆಂಕಿ. ನೇಪಲ್ಸ್‌ನಲ್ಲಿ 1984ರಲ್ಲಿ ಶುರುವಾದ 'ಅಸೋಸಿಯಾಸಿಯೋನೆ ವೆರಾಚೆ ಪಿಜ್ಜಾ ನಾಪೊಲೆತಾನಾ' ಎಂಬ ಸಂಘ ಈ ಪಿಜ್ಜಾಗೆ ನಿಯಮಗಳನ್ನೇ ಬರೆದಿಟ್ಟಿದೆ. ಓವನ್ ಒಳಗೆ 400 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು. ಬೇಯುವ ಸಮಯ 60ರಿಂದ 90 ಸೆಕೆಂಡ್ ಮಾತ್ರ. ಅಗಲ 35 ಸೆಂಟಿಮೀಟರ್ ದಾಟಬಾರದು. ಅಂಚು ಒಂದೆರಡು ಸೆಂಟಿಮೀಟರ್ ಉಬ್ಬಿರಬೇಕು, ಮಧ್ಯದ ಭಾಗ ಕಾಲು ಸೆಂಟಿಮೀಟರ್‌ನಷ್ಟು ತೆಳ್ಳಗಿರಬೇಕು. ಈ ಪಿಜ್ಜಾ ತಟ್ಟುವವರ ಕೈಚಳಕವನ್ನು 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು.

ಒಂದೂವರೆ ನಿಮಿಷದಲ್ಲಿ ಬೇಯುವುದರಿಂದ ಹಿಟ್ಟಿನೊಳಗಿನ ನೀರು ಪೂರ್ತಿ ಆರುವುದಿಲ್ಲ. ಹೊರಗೆ ಅಲ್ಲಲ್ಲಿ ಕಪ್ಪು ಚುಕ್ಕೆ, ಒಳಗೆ ಮೆತ್ತಗೆ. ಚೂರು ಎತ್ತಿದರೆ ತುದಿ ಬಾಗುತ್ತದೆ. ಚಾಕು, ಫೋರ್ಕಿನಲ್ಲಿ ತಿಂದರೂ ತಪ್ಪಿಲ್ಲ. ಇಂಥ ಕಡೆ ಎಂಟು ಬಗೆ ತರಕಾರಿ ಹೇರಿದ ಪಿಜ್ಜಾ ಆರ್ಡರ್ ಮಾಡಬೇಡಿ. 90 ಸೆಕೆಂಡಿನಲ್ಲಿ ಕ್ಯಾಪ್ಸಿಕಂ ಬೇಯುವುದೂ ಇಲ್ಲ, ಅದು ಬಿಡುವ ನೀರು ಆರುವುದೂ ಇಲ್ಲ. ಮಾರ್ಗರೀಟಾ, ಇಲ್ಲವೆಂದರೆ ಬರೀ ಟೊಮೆಟೊ ಬೆಳ್ಳುಳ್ಳಿಯ ಮರಿನಾರಾ. ಅಷ್ಟೇ ಸಾಕು.

ಸೌದೆ ಓವನ್ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದಕ್ಕೆ ಜಾಸ್ತಿ ಮರುಳಾಗುವುದೂ ಬೇಡ. ಒಂದೂವರೆ ನಿಮಿಷದಲ್ಲಿ ಪಿಜ್ಜಾಗೆ ಹೊಗೆಯ ವಾಸನೆ ಹತ್ತುವುದು ಬಹಳ ಕಡಿಮೆ. ರುಚಿ ಬರುವುದು ಬಿಸಿಯಿಂದ. ನೇಪಲ್ಸ್‌ನ ಸಂಘವೇ ಕೆಲವು ಗ್ಯಾಸ್ ಓವನ್‌ಗಳಿಗೆ ಒಪ್ಪಿಗೆ ಕೊಟ್ಟಿದೆ. ಗ್ಯಾಸ್ ಓವನ್ನನ್ನು ಚೆನ್ನಾಗಿ ಕಾಯಿಸಿಕೊಂಡ ಕಡೆಯ ಪಿಜ್ಜಾ, ಅರೆಬರೆ ಉರಿಯುವ ಸೌದೆ ಓವನ್ನಿನದ್ದಕ್ಕಿಂತ ಎಷ್ಟೋ ವಾಸಿ. ಗೊತ್ತು ಮಾಡಿಕೊಳ್ಳುವುದು ಸುಲಭ. ಪಿಜ್ಜಾ ಒಳಗೆ ಹೋದ ಮೇಲೆ ಗಡಿಯಾರ ನೋಡಿ. ಸೌದೆ ಓವನ್ನಿನಲ್ಲಿ ಐದು ನಿಮಿಷ ಇಟ್ಟರೆಂದರೆ ಅದು ಕಾದಿಲ್ಲ.

ಎರಡನೆಯದು ಡೆಕ್ ಓವನ್. ಡ್ರಾಯರ್ ತರಹ ಉದ್ದ ಬಾಗಿಲು, ಒಳಗೆ ಕಲ್ಲಿನ ಅಥವಾ ಉಕ್ಕಿನ ತಳ. ಬಿಸಿ ಸುಮಾರು 280ರಿಂದ 320 ಡಿಗ್ರಿ, ಬೇಯಲು ಆರೆಂಟು ನಿಮಿಷ. ನ್ಯೂಯಾರ್ಕ್ ಶೈಲಿಯ ದೊಡ್ಡ, ತೆಳು ಪಿಜ್ಜಾ ಹುಟ್ಟುವುದು ಇದರಲ್ಲೇ. ನ್ಯೂಜೆರ್ಸಿಯಲ್ಲಿ ನೆಂಟರಿದ್ದು ಒಮ್ಮೆ ಹೋಗಿಬಂದವರಿಗೆ ಅದರ ಪರಿಚಯ ಇರುತ್ತದೆ. ಕೈಯಲ್ಲಿ ಹಿಡಿದು ಉದ್ದಕ್ಕೆ ಮಡಚಿದರೆ ಚೂರು ನೆಟ್ಟಗೆ ನಿಲ್ಲಬೇಕು, ಮಡಚಿದ ಕಡೆ ಸಣ್ಣಗೆ ಬಿರಿಯಬೇಕು, ಆದರೆ ಮುರಿಯಬಾರದು. ನಮ್ಮ ಏರಿಯಾಗಳ ಸ್ವತಂತ್ರ ಪಿಜ್ಜಾ ಅಂಗಡಿಗಳಲ್ಲಿ ಒಳ್ಳೆಯವು ಬಹುಪಾಲು ಈ ಗುಂಪಿನವು. ಕೂತು ತಿನ್ನಲಿಕ್ಕೂ ಮನೆಗೆ ಒಯ್ಯಲಿಕ್ಕೂ ಆಗುತ್ತದೆ. ಒಂದನ್ನೇ ಆರಿಸು ಎಂದರೆ ನನ್ನ ಓಟು ಇದಕ್ಕೆ.

ಮೂರನೆಯದು ಕನ್ವೇಯರ್. ಒಂದು ತುದಿಯಲ್ಲಿ ಹಸಿ ಪಿಜ್ಜಾ ಇಟ್ಟರೆ ಜಾಲರಿ ಬೆಲ್ಟ್ ಮೇಲೆ ಸಾಗಿ, ಬಿಸಿಗಾಳಿಯಲ್ಲಿ ಬೆಂದು ಇನ್ನೊಂದು ತುದಿಗೆ ಬರುತ್ತದೆ. 250 ಡಿಗ್ರಿ ಆಸುಪಾಸು, ಐದಾರು ನಿಮಿಷ. ದೊಡ್ಡ ಚೈನ್‌ಗಳಿಗೆ ಇದು ಇಷ್ಟ, ಏಕೆಂದರೆ ಯಾರು ನಿಂತು ಮಾಡಿದರೂ ಒಂದೇ ತರಹ ಬರುತ್ತದೆ. ಹಿಟ್ಟಿನ ಉಂಡೆಗಳೂ ಸಾಮಾನ್ಯವಾಗಿ ಒಂದೇ ಕಡೆ ತಯಾರಾಗಿ ತಂಪು ವಾಹನದಲ್ಲಿ ಅಂಗಡಿಗಳಿಗೆ ಹೋಗುತ್ತವೆ. ಇದನ್ನು ಕೀಳಾಗಿ ಕಾಣುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಹುಬ್ಬಳ್ಳಿಯಲ್ಲಿ ತಿಂದದ್ದೂ ಮೈಸೂರಿನಲ್ಲಿ ತಿಂದದ್ದೂ ಒಂದೇ ತರಹ ಇರುತ್ತದೆ ಅನ್ನುವುದು ಸಣ್ಣ ಮಾತಲ್ಲ. ಆದರೆ ಚೈನ್‌ನಿಂದ ಆಶ್ಚರ್ಯ ನಿರೀಕ್ಷಿಸಬೇಡಿ. ಕೆಟ್ಟ ಆಶ್ಚರ್ಯವೂ ಇಲ್ಲ, ಒಳ್ಳೆಯದೂ ಇಲ್ಲ.

ನಾಲ್ಕನೆಯದು ಮನೆಯಲ್ಲಿಡುವ ಒಟಿಜಿ ಎಂಬ ಪುಟ್ಟ ಕರೆಂಟ್ ಓವನ್ನಿನ ಅಣ್ಣನಂಥ ಸಣ್ಣ ಓವನ್ ಇಟ್ಟ ಕೆಫೆಗಳು. ಇಲ್ಲೇ ಹುಷಾರಾಗಿರಬೇಕು. ಪಾಸ್ತಾ, ಮೊಮೊ, ಬರ್ಗರ್, ಮಿಲ್ಕ್‌ಶೇಕ್, ನಡುವೆ ಒಂದು ಪುಟ ಪಿಜ್ಜಾ. ಬಿಸಿ 220 ಡಿಗ್ರಿ ದಾಟುವುದೇ ಕಷ್ಟ. ಬೇಯಲು ಹನ್ನೆರಡು, ಹದಿನೈದು ನಿಮಿಷ ಹಿಡಿಯುವುದರಿಂದ ಬೇಸ್ ಒಣಗಿ ಬಿಸ್ಕತ್ತಾಗುತ್ತದೆ. ಅದನ್ನು ತಪ್ಪಿಸಲು ಹೆಚ್ಚಿನವರು ಮೊದಲೇ ಬೆಂದ ರೆಡಿ ಬೇಸ್ ತಂದು ಮೇಲೆ ಚೀಸ್ ಕರಗಿಸಿ ಕೊಡುತ್ತಾರೆ. ಬೆಲೆ ಮಾತ್ರ ಡೆಕ್ ಓವನ್ ಅಂಗಡಿಯಷ್ಟೇ ಇರುತ್ತದೆ. ಕೊಟ್ಟ ದುಡ್ಡಿಗೆ ತಕ್ಕ ಪಿಜ್ಜಾ ಸಿಗದೆ ಹೋಗುವುದು ಅತಿ ಹೆಚ್ಚು ಇಂಥ ಕಡೆಯೇ.

ಇನ್ನು ಬೇಕರಿ ಪಿಜ್ಜಾ. ಇದನ್ನು ಇಟಲಿಗೆ ಹೋಲಿಸುವುದೇ ತಪ್ಪು. ಸಿಹಿಯಾದ ಮೆತ್ತನೆಯ ಬ್ರೆಡ್ ಮೇಲೆ ಈರುಳ್ಳಿ, ಕ್ಯಾರೆಟ್, ಕ್ಯಾಪ್ಸಿಕಂ, ಸ್ವಲ್ಪ ಹಸಿಮೆಣಸಿನಕಾಯಿ, ಮೇಲೊಂದಿಷ್ಟು ತುರಿದ ಚೀಸ್. ಪಲ್ಯದ ಬನ್ನಿನ ಮನೆತನದ್ದು. ಸಂಜೆ ನಾಲ್ಕಕ್ಕೆ ಓವನ್ನಿನಿಂದ ಹೊರಗೆ ಬಂದಾಗ ಕಾಫಿ ಜೊತೆ ಚೆನ್ನ. ರಾತ್ರಿ ಎಂಟಕ್ಕೆ ಅದೇ ಗಾಜಿನ ಪೆಟ್ಟಿಗೆಯಲ್ಲಿ ಇದ್ದರೆ ಬಿಟ್ಟುಬಿಡಿ. ಚಾಟ್ ಗಾಡಿಗಳ ತವಾ ಪಿಜ್ಜಾ ಬಗ್ಗೆ ಹೇಳುವುದು ಕಡಿಮೆ. ಬೆಣ್ಣೆ, ಕೆಚಪ್, ಚಾಟ್ ಮಸಾಲೆ. ಅದು ಚಾಟು, ಚಾಟೆಂದೇ ತಿನ್ನಿ.

ಚೂರು ಎತ್ತಿ ತಳ ನೋಡಿ

ಪ್ಲೇಟ್ ಬಂದ ತಕ್ಷಣ ಎಲ್ಲರೂ ಮೇಲಿನ ಫೋಟೊ ತೆಗೆಯುತ್ತಾರೆ. ಒಂದು ಚೂರು ಎತ್ತಿ ಕೆಳಗೆ ನೋಡಿದರೆ ಅಡುಗೆಮನೆಯ ಅರ್ಧ ಕಥೆ ಅಲ್ಲೇ ಬರೆದಿರುತ್ತದೆ.

ತಳದಲ್ಲಿ ಒಂದೇ ಅಳತೆಯಲ್ಲಿ ಚುಚ್ಚಿದ ತೂತುಗಳ ಸಾಲು ಇದ್ದು, ಬಣ್ಣ ಎಲ್ಲ ಕಡೆ ಪೇಲವವಾಗಿದ್ದರೆ ಅದು ಬಹುತೇಕ ಫ್ಯಾಕ್ಟರಿಯ ರೆಡಿ ಬೇಸ್. ಅಂಚು ಅಚ್ಚು ಹಾಕಿದಷ್ಟು ಗುಂಡಗೆ, ದಪ್ಪ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಜಾಲರಿಯ ಗುರುತು ಇದ್ದರೆ ಜರಡಿಯಂಥ ತಟ್ಟೆಯ ಮೇಲೆ ಬೇಯಿಸಿದ್ದಾರೆ. ಕನ್ವೇಯರ್ ಅಂಗಡಿಗಳಲ್ಲಿ ಅದು ಮಾಮೂಲು. ತಳ ನುಣ್ಣಗೆ, ಕೆಂಪಗೆ, ಎಣ್ಣೆ ಹೊಳಪಿನಲ್ಲಿದ್ದರೆ ಎಣ್ಣೆ ಸವರಿದ ಬಾಣಲೆಯಲ್ಲಿ ಬೆಂದ ಪ್ಯಾನ್ ಪಿಜ್ಜಾ. ಅಲ್ಲಲ್ಲಿ ಕಪ್ಪು ಕಂದು ಚುಕ್ಕೆಗಳಿದ್ದು, ಕೈಗೆ ಸ್ವಲ್ಪ ಹಿಟ್ಟೋ ಸಣ್ಣ ರವೆಯೋ ಹತ್ತಿದರೆ, ಉದ್ದ ಹಿಡಿಯ ಚಪ್ಪಟೆ ಹಲಗೆಯ ಮೇಲಿಂದ ನೇರ ಕಾದ ಕಲ್ಲಿನ ಮೇಲೆ ಜಾರಿಸಿದ್ದಾರೆ ಎಂದರ್ಥ. ತಳ ಪೂರ್ತಿ ಬೆಳ್ಳಗಿದ್ದರೆ ಕಲ್ಲು ಕಾದಿರಲಿಲ್ಲ. ಪೂರ್ತಿ ಕರ್ರಗಿದ್ದು ಕಹಿ ಬಂದರೆ ಹಿಂದಿನ ಪಿಜ್ಜಾದಿಂದ ಉದುರಿದ ಹಿಟ್ಟು ಸುಟ್ಟು ಇದಕ್ಕೆ ಅಂಟಿದೆ, ಒಲೆಯ ತಳ ಗುಡಿಸಿಲ್ಲ.

ಆಮೇಲೆ ಅಡ್ಡಕ್ಕೆ ಕತ್ತರಿಸಿದ ಭಾಗ ನೋಡಿ. ಅಂಚಿನಲ್ಲಿ ಸಣ್ಣ ದೊಡ್ಡ ಗಾಳಿಗೂಡುಗಳು ಇರಬೇಕು. ಒಂದೇ ಅಳತೆಯ ಸಣ್ಣ ರಂಧ್ರ ಅಂದರೆ ಹಿಟ್ಟನ್ನು ಲಟ್ಟಣಿಗೆಯಲ್ಲಿ ಒತ್ತಿ ಗಾಳಿ ತೆಗೆದಿದ್ದಾರೆ. ಸಾಸ್ ಕೆಳಗೆ ಬೆಳ್ಳಗೆ, ಅಂಟಂಟಾಗಿ ಒಂದು ಪದರ ಕಂಡರೆ ಅದು ಬೇಯದ ಹಿಟ್ಟು. ನೇಪಲ್ಸ್ ಶೈಲಿಯ ಮೆತ್ತನೆಯ ಮಧ್ಯಭಾಗಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಮೆತ್ತಗಿದ್ದರೂ ಹಲ್ಲಿಗೆ ಅಂಟುವುದಿಲ್ಲ.

ಹಿಟ್ಟಿನ ಬಗ್ಗೆ ಕೌಂಟರ್‌ನಲ್ಲಿ ಒಂದು ಪ್ರಶ್ನೆ ಕೇಳಿ. 'ಬೇಸ್ ನೀವೇ ಮಾಡ್ತೀರಾ, ಹೊರಗಿಂದ ತರಿಸ್ತೀರಾ ಅಣ್ಣ?' ಕೋಪ ಮಾಡಿಕೊಳ್ಳುವವರು ಕಡಿಮೆ. 'ಈಗಷ್ಟೇ ಕಲಸಿದ್ದು ಸರ್, ಫುಲ್ ಫ್ರೆಶ್' ಎಂದರೆ ನನಗೆ ಖುಷಿ ಆಗುವುದಿಲ್ಲ. 'ನಿನ್ನೆ ಕಲಸಿ ಫ್ರಿಜ್ಜಲ್ಲಿ ಇಟ್ಟಿದ್ವಿ' ಎಂದರೆ ಕೂತುಕೊಳ್ಳುತ್ತೇನೆ. ಹಿಟ್ಟು ತಣ್ಣಗಿನ ಜಾಗದಲ್ಲಿ ಒಂದು ದಿನವೋ ಎರಡು ದಿನವೋ ನಿಧಾನವಾಗಿ ಹುಳಿದರೆ ಅದರೊಳಗಿನ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗುತ್ತದೆ. ಆ ಸಕ್ಕರೆಯಿಂದಲೇ ಅಂಚು ಕೆಂಪಗಾಗುವುದು, ಬರೀ ಅಂಚನ್ನೇ ತಿಂದರೂ ರುಚಿ ಇರುವುದು. ಗಂಟೆಯೊಳಗೆ ಉಬ್ಬಿಸಲು ಯೀಸ್ಟ್ ಜಾಸ್ತಿ ಸುರಿದ ಹಿಟ್ಟಿಗೆ ಬಿಯರ್ ತರಹದ ಘಾಟು ಇರುತ್ತದೆ. ಅಂಚನ್ನು ಮುರಿದು ಮೂಸಿದರೆ ಗೊತ್ತಾಗುತ್ತದೆ.

ಸೌರ್‌ಡೋ, ಅಂದರೆ ಅಂಗಡಿಯ ಯೀಸ್ಟ್ ಹಾಕದೆ ತಾನಾಗಿ ಹುಳಿದ ಹಿಟ್ಟು, ಎಂದು ಬರೆದರೆ ನೂರಿನ್ನೂರು ರೂಪಾಯಿ ಏರಿಸುವುದು ಈಗ ರೂಢಿ. ಚೆನ್ನಾಗಿ ಮಾಡುವವರಿದ್ದಾರೆ, ಸಂದೇಹವಿಲ್ಲ. ಆದರೆ ಸರಿಯಾಗಿ ಹುಳಿದ ಮಾಮೂಲಿ ಯೀಸ್ಟ್ ಹಿಟ್ಟು ಮತ್ತು ಅವಸರದ ಸೌರ್‌ಡೋ ನಡುವೆ ಆರಿಸುವುದಾದರೆ ಮೊದಲನೆಯದನ್ನೇ ಆರಿಸಿ. ಇಟಲಿಯ 'ಡಬಲ್ ಜೀರೊ' ಹಿಟ್ಟು ಎಂಬುದೂ ಹಾಗೆಯೇ. ಅದು ಹಿಟ್ಟಿನಿಂದ ತೌಡು ಎಷ್ಟು ತೆಗೆದಿದ್ದಾರೆ ಎಂಬುದರ ಗುರುತು, ಗುಣಮಟ್ಟದ ಪದಕ ಅಲ್ಲ.

ಚೀಸ್: ಎಳೆಯುವುದು, ಎಳೆಯದ್ದು, ನಟಿಸುವುದು

ಮೊಝರೆಲ್ಲಾ ಎಳೆ ಎಳೆಯಾಗಿ ಬರುವುದು ಹಾಲಿನ ಕೇಸಿನ್ ಎಂಬ ಪ್ರೋಟೀನಿನಿಂದ. ಕ್ಯಾಲ್ಸಿಯಂ ಅದನ್ನು ಜಾಲದಂತೆ ಹಿಡಿದಿಟ್ಟಿರುತ್ತದೆ. ಬಿಸಿಯಾದಾಗ ಆ ಜಾಲ ಸಡಿಲವಾಗಿ ಉದ್ದಕ್ಕೆ ಜಗ್ಗುತ್ತದೆ. ನಿಜವಾದ ಮೊಝರೆಲ್ಲಾ ಎಳೆದರೆ ತೆಳ್ಳಗಾಗುತ್ತಾ ಹೋಗಿ ತುಂಡಾಗುತ್ತದೆ. ಚೆನ್ನಾಗಿ ಬೆಂದ ಕಡೆ ಅದರ ಮೇಲೆ ಕಂದು ಗುಳ್ಳೆಗಳು ಏಳುತ್ತವೆ.

ನೀರಿನಲ್ಲಿ ಮುಳುಗಿಸಿಟ್ಟು ಮಾರುವ ತಾಜಾ ಮೊಝರೆಲ್ಲಾ ಬೇರೆ, ತೇವ ಕಡಿಮೆ ಇರುವ ಗಟ್ಟಿ ಮೊಝರೆಲ್ಲಾ ಬೇರೆ. ಮೊದಲನೆಯದು ಕಲ್ಲಿನ ಓವನ್ನಿಗೆ ಸರಿ. ಹಾಲಿನ ರುಚಿ ಉಳಿಯುತ್ತದೆ, ಬಿಳಿ ತೇಪೆಗಳಂತೆ ಅಲ್ಲಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಪಂಥದ ಬೆನೆಡಿಕ್ಟೈನ್ ಸನ್ಯಾಸಿಗಳು ಇಂಥ ಇಟಾಲಿಯನ್ ಚೀಸ್‌ಗಳನ್ನು ಇಲ್ಲೇ ತಯಾರಿಸಿ ಮಾರುತ್ತಾರೆ. ಮೆನುವಿನಲ್ಲಿ ವಲ್ಲೊಂಬ್ರೋಸಾ ಹೆಸರು ಕಂಡರೆ ಅಂಗಡಿಯವರು ಚೀಸ್ ಬಗ್ಗೆ ಸ್ವಲ್ಪವಾದರೂ ತಲೆ ಕೆಡಿಸಿಕೊಂಡಿದ್ದಾರೆ ಎಂದುಕೊಳ್ಳಬಹುದು. ಡೆಕ್ ಮತ್ತು ಕನ್ವೇಯರ್‌ಗೆ ಗಟ್ಟಿ ಮೊಝರೆಲ್ಲಾನೇ ಸರಿ. ಅಲ್ಲಿ ತಾಜಾ ಚೀಸ್ ಹಾಕಿದರೆ ನೀರು ಬಿಟ್ಟು ಬೇಸ್ ನೆನೆಯುತ್ತದೆ.

ಮೂರನೆಯದು ಅನಲಾಗ್. ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆಯಂಥದ್ದು, ಜೊತೆಗೆ ಪಿಷ್ಟ. ಇದನ್ನು ಪ್ಯಾಕೆಟ್ ಮೇಲೆ ಬರೀ ಚೀಸ್ ಎಂದು ಬರೆದು ಮಾರುವ ಹಾಗಿಲ್ಲ. ಆದರೆ ಪಿಜ್ಜಾ ಮೇಲೆ ಕರಗಿದ ಮೇಲೆ ಯಾರಿಗೆ ಕಾಣುತ್ತದೆ? ಹುಷಾರಾಗಿ ನೋಡಿದರೆ ಕಾಣುತ್ತದೆ. ಮೂರು ಗುರುತು ಹೇಳುತ್ತೇನೆ. ಕರಗಿದ ಮೇಲೂ ತುರಿದ ಎಳೆಗಳ ಆಕಾರ ಉಳಿದಿರುವುದು. ಬಾಯಲ್ಲಿ ಹಾಲಿನ ರುಚಿ ಬರದೆ ಉಪ್ಪು ಮಾತ್ರ ಬಂದು ಅಂಗುಳಕ್ಕೆ ಜಿಡ್ಡು ಅಂಟುವುದು. ಇಪ್ಪತ್ತು ನಿಮಿಷ ಬಿಟ್ಟು ಒಂದು ಚೂರು ತಣ್ಣಗೆ ತಿಂದರೆ ಜಗಿಯಲಾಗದಷ್ಟು ಬಿರುಸಾಗಿರುವುದು. ತಣ್ಣಗಾದ ಚೂರೇ ಅತಿ ಒಳ್ಳೆ ಪರೀಕ್ಷೆ. ಬಿಸಿಯಲ್ಲಿ ಎಲ್ಲ ಚೀಸೂ ಚೆನ್ನಾಗಿಯೇ ನಟಿಸುತ್ತದೆ.

ಆರೆಂಜ್ ಬಣ್ಣದ ಎಣ್ಣೆ ಸ್ವಲ್ಪ ನಿಂತರೆ ಗಾಬರಿ ಬೇಡ. ಗಟ್ಟಿ ಮೊಝರೆಲ್ಲಾ ಎಣ್ಣೆ ಬಿಟ್ಟೇ ಬಿಡುತ್ತದೆ. ಕೊಳದ ಹಾಗೆ ನಿಂತರೆ ಮಾತ್ರ ಚೀಸ್ ಬೇಕಾದ್ದಕ್ಕಿಂತ ಜಾಸ್ತಿ ಬೆಂದಿದೆ, ಇಲ್ಲವೇ ಜಾಸ್ತಿ ಸುರಿದಿದ್ದಾರೆ. ಎಕ್ಸ್‌ಟ್ರಾ ಚೀಸ್ ಎಂದು ದುಡ್ಡು ಕೊಟ್ಟು ನಾವೇ ಆ ಕೊಳ ತೋಡಿಸುತ್ತೇವೆ ಅನ್ನುವುದು ಬೇರೆ ಮಾತು. ಬೇಸ್ ಒಳಗೇ ಚೀಸ್ ತುಂಬುವ ಚೀಸ್ ಬರ್ಸ್ಟ್ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಮಕ್ಕಳಿಗೆ ಇಷ್ಟ, ಅಷ್ಟು ಸಾಕು.

ಸಸ್ಯಾಹಾರಿಗಳು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಇಟಲಿಯ ಅಸಲಿ ಪಾರ್ಮಿಜಾನೊ ಚೀಸ್ ತಯಾರಿಸಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಮುಲ್‌ನಂಥ ನಮ್ಮ ಬ್ರ್ಯಾಂಡ್‌ಗಳು ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸುತ್ತವೆ. ದುಬಾರಿ ರೆಸ್ಟೋರೆಂಟಿನಲ್ಲಿ ಮೇಲೆ ಪಾರ್ಮೆಸಾನ್ ತುರಿದು ಕೊಡುವುದಾದರೆ ಯಾವುದು ಎಂದು ಕೇಳಿಕೊಳ್ಳಿ. ಈರುಳ್ಳಿ ಬೆಳ್ಳುಳ್ಳಿ ಬೇಡ ಎನ್ನುವವರು ಟಾಪಿಂಗ್ ಬದಲು ಸಾಸ್ ಬಗ್ಗೆ ವಿಚಾರಿಸಬೇಕು. ಬೆಳ್ಳುಳ್ಳಿ ಇರುವುದು ಅಲ್ಲಿ. ಬಸವನಗುಡಿ, ಚಾಮರಾಜಪೇಟೆ ಕಡೆಯ ಅಂಗಡಿಗಳಲ್ಲಿ ಜೈನ್ ಸಾಸ್ ಬೇರೆ ಪಾತ್ರೆಯಲ್ಲಿ ಇದೆಯಾ ಎಂದು ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಸಾಸ್ ಮತ್ತು ಮೇಲಿನ ಸಾಮಾನು

ನೇಪಲ್ಸ್‌ನವರು ಬಳಸುವ ಸಾನ್ ಮಾರ್ಜಾನೊ ಟೊಮೆಟೊ ಉದ್ದಕ್ಕಿರುತ್ತದೆ, ತಿರುಳು ಜಾಸ್ತಿ, ಬೀಜ ಕಡಿಮೆ. ಅದನ್ನು ಹಿಚುಕಿ ಉಪ್ಪು ಹಾಕಿದರೆ ಸಾಸ್ ಆಯಿತು. ಕೋಲಾರದಿಂದ ಬರುವ ನಮ್ಮ ಟೊಮೆಟೊ ಸಾರಿಗೆ, ಗೊಜ್ಜಿಗೆ ಬಲು ಚೆನ್ನ. ಆದರೆ ಅದರಲ್ಲಿ ನೀರೂ ಹುಳಿಯೂ ಜಾಸ್ತಿ. ಹಾಗಾಗಿ ಕುದಿಸಿ ಗಟ್ಟಿ ಮಾಡಲೇಬೇಕು, ಚಿಟಿಕೆ ಸಕ್ಕರೆ ಹಾಕಿದರೂ ಕ್ಷಮಿಸಬಹುದು. ಕ್ಷಮಿಸಲಾಗದ್ದು ಕೆಚಪ್. ವಿನಿಗರ್ ಮತ್ತು ಲವಂಗದ ವಾಸನೆ ಬಂದರೆ ಅದೇ.

ಮೊದಲ ತುತ್ತನ್ನು ಆರಿಗ್ಯಾನೊ, ಚಿಲ್ಲಿ ಫ್ಲೇಕ್ಸ್ ಪೊಟ್ಟಣ ಒಡೆಯದೆ ತಿನ್ನಿ. ಇದೊಂದು ಶಿಸ್ತು ಇಟ್ಟುಕೊಂಡರೆ ಅಂಗಡಿಗಳ ನಡುವಿನ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ನಾಲ್ಕು ಪೊಟ್ಟಣ ಸುರಿದ ಮೇಲೆ ಎಲ್ಲ ಪಿಜ್ಜಾನೂ ಒಂದೇ. ತುಳಸಿ ಹಾಕಿ ಬೇಸಿಲ್ ಎನ್ನುವ ಕಡೆಗಳೂ ಉಂಟು. ಬೇಸಿಲ್ ನಮ್ಮ ಕಾಮಕಸ್ತೂರಿಯ ಜಾತಿ, ಪರಿಮಳ ಸಿಹಿಯಾಗಿರುತ್ತದೆ. ಕಷಾಯದ ಘಾಟು ಹೊಡೆದರೆ ಅದು ಮನೆ ಮುಂದಿನ ಕಟ್ಟೆಯದ್ದೇ.

ಡಬ್ಬಿಯ ಕಪ್ಪು ಆಲಿವ್ ಬಿಲ್ಲೆಗಳಿಗೆ ಜಾಸ್ತಿ ದುಡ್ಡು ಕೊಡಬೇಡಿ. ಅವು ಹೆಚ್ಚಾಗಿ ಕಾಯಿ ಆಲಿವನ್ನು ಸಂಸ್ಕರಿಸಿ ಕಪ್ಪಾಗಿಸಿದವು, ರುಚಿ ಸಪ್ಪೆ. ಅಣಬೆ ತಾಜಾ ಇದೆಯಾ ಡಬ್ಬಿಯದ್ದಾ ಎಂದು ನೋಡಿ. ಪನೀರ್ ಟಿಕ್ಕಾ ಪಿಜ್ಜಾ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅಂಗಡಿಯನ್ನು ಅಳೆಯಲು ಅದನ್ನು ಆರ್ಡರ್ ಮಾಡಬೇಡಿ. ಮಸಾಲೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಹೊಸ ಅಂಗಡಿಗೆ ಹೋದಾಗ ಮೊದಲ ಸಲ ಮಾರ್ಗರೀಟಾ, ಚಿಕ್ಕ ಸೈಜ್. ಅದು ಚೆನ್ನಾಗಿದ್ದರೆ ಮುಂದಿನ ಸಲ ಏನು ಬೇಕಾದರೂ.

ಇಂಚಿನ ಲೆಕ್ಕ

ಪಿಜ್ಜಾ ಬೆಲೆ ಹೋಲಿಸುವಾಗ ಎಲ್ಲರೂ ಎಡವುವ ಜಾಗ ಇದು. 7 ಇಂಚಿನ ಪಿಜ್ಜಾದ ವಿಸ್ತೀರ್ಣ ಸುಮಾರು 38.5 ಚದರ ಇಂಚು. 10 ಇಂಚಿನದ್ದು 78.5. ಅಂದರೆ 7 ಇಂಚಿನ ಎರಡು ಸೇರಿದರೂ 10 ಇಂಚಿನ ಒಂದಕ್ಕೆ ಚೂರು ಕಡಿಮೆಯೇ. 12 ಇಂಚಿನದ್ದು 113. ಹೆಚ್ಚುಕಡಿಮೆ 7 ಇಂಚಿನ ಮೂರರಷ್ಟು.

ಹಾಗಾದರೆ 7 ಇಂಚಿನದ್ದು 200 ರೂಪಾಯಿ ಇದ್ದು 10 ಇಂಚಿನದ್ದು 350 ಇದ್ದರೆ ದೊಡ್ಡದೇ ಲಾಭ. 450 ಇದ್ದರೆ ಚಿಕ್ಕವು ಎರಡು ತಗೊಳ್ಳಿ, ಎರಡು ರುಚಿಯೂ ಸಿಗುತ್ತದೆ. ಅಂಚಿನ ಲೆಕ್ಕವನ್ನೂ ಸೇರಿಸಿದರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಸುತ್ತ ಒಂದು ಇಂಚು ಖಾಲಿ ಅಂಚು ಬಿಟ್ಟರೆ 7 ಇಂಚಿನ ಪಿಜ್ಜಾದಲ್ಲಿ ಚೀಸ್ ಇರುವ ಭಾಗ ಬರೀ ಅರ್ಧ. 12 ಇಂಚಿನದ್ದರಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಒಂದಕ್ಕೆ ಒಂದು ಫ್ರೀ ಎಂಬ ಆಫರ್‌ಗಳು ಸಾಮಾನ್ಯವಾಗಿ ಯಾವ ಸೈಜಿಗೆ ಇರುತ್ತವೆ, ಫ್ರೀ ಇಲ್ಲದ ದಿನ ಅದರ ಬೆಲೆ ಎಷ್ಟು ಎಂದು ನೋಡಿ ಲೆಕ್ಕ ಹಾಕಿ.

ಮೆನುವಿನಲ್ಲಿ ಇಂಚು ಬರೆಯದೆ ರೆಗ್ಯುಲರ್, ಮೀಡಿಯಂ, ಲಾರ್ಜ್ ಎಂದಷ್ಟೇ ಹಾಕುವ ಅಂಗಡಿಯಲ್ಲಿ ಕೇಳಿಯೇ ಆರ್ಡರ್ ಮಾಡಿ. ಒಬ್ಬರ ಮೀಡಿಯಂ 9 ಇಂಚು, ಇನ್ನೊಬ್ಬರದ್ದು 10. ಒಂದು ಇಂಚು ತಾನೇ ಎನ್ನಬೇಡಿ, ವಿಸ್ತೀರ್ಣದಲ್ಲಿ ಅದು ಕಾಲುಭಾಗಕ್ಕೆ ಹತ್ತಿರದ ವ್ಯತ್ಯಾಸ.

ಆ್ಯಪ್‌ನಲ್ಲಿ ಹುಡುಕುವಾಗ

ಸ್ಟಾರ್‌ಗಳನ್ನು ಬಿಡಿ, ಗಿರಾಕಿಗಳು ಹಾಕಿದ ಫೋಟೊಗಳನ್ನು ನೋಡಿ. ಅಂಗಡಿಯವರು ಹಾಕಿದ ಫೋಟೊದಲ್ಲಿ ಎಲ್ಲ ಚೂರೂ ಎಳೆ ಬಿಡುತ್ತಿರುತ್ತದೆ. ಗಿರಾಕಿಯ ಫೋಟೊದಲ್ಲಿ ಅಂಚಿನ ಬಣ್ಣ, ಡಬ್ಬಿಯೊಳಗೆ ಚೀಸ್ ಜರುಗಿದ್ದು, ಟಾಪಿಂಗ್ ನಿಜವಾಗಿ ಎಷ್ಟಿದೆ ಎಂಬುದೆಲ್ಲ ಕಾಣುತ್ತದೆ. ಬೇರೆ ಬೇರೆ ದಿನದ ಫೋಟೊಗಳಲ್ಲಿ ಪಿಜ್ಜಾ ಒಂದೇ ತರಹ ಇದ್ದರೆ ಅಡುಗೆಮನೆಯಲ್ಲಿ ಶಿಸ್ತಿದೆ.

ಬೈಗುಳದ ರಿವ್ಯೂಗಳನ್ನು ಎರಡು ಭಾಗ ಮಾಡಿಕೊಳ್ಳಿ. 'ತಣ್ಣಗೆ ಬಂತು, ಲೇಟಾಯ್ತು' ಎನ್ನುವುದು ಡೆಲಿವರಿ ಮೇಲಿನ ಸಿಟ್ಟು. 'ಬೇಸ್ ಹಸಿ, ಸಾಸ್ ಸಿಹಿ, ಚೀಸ್ ಅಂಟು' ಎನ್ನುವುದು ಅಡುಗೆ ಮೇಲಿನದ್ದು. ಎರಡನೆಯದು ಪದೇ ಪದೇ ಕಂಡರೆ ಮುಂದೆ ಹೋಗಿ. ಹೊಗಳಿಕೆಯಲ್ಲೂ 'ಆಸಮ್ ಆ್ಯಂಬಿಯೆನ್ಸ್' ಎಂದಷ್ಟೇ ಇದ್ದರೆ ಕುರ್ಚಿ ಚೆನ್ನಾಗಿದೆ ಎಂದು ತಿಳಿಯಿರಿ.

ಬೋರ್ಡಿಲ್ಲದ ಅಡುಗೆಮನೆಗಳನ್ನು ಪತ್ತೆ ಮಾಡಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ನೆರವಾಗುತ್ತದೆ. ಆ್ಯಪ್‌ನಲ್ಲಿ ಹೋಟೆಲ್ ಪುಟದ ಕೊನೆಗೆ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಬಿರಿಯಾನಿ ಹೆಸರಿನ ಅಂಗಡಿಗೂ ಪಿಜ್ಜಾ ಹೆಸರಿನದ್ದಕ್ಕೂ ಒಂದೇ ನಂಬರ್, ಒಂದೇ ವಿಳಾಸ ಇದ್ದರೆ ಎರಡೂ ಒಂದೇ ಒಲೆಯವು. ಹಾಗೆಂದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ. ಆದರೆ ಬಿರಿಯಾನಿ, ನೂಡಲ್ಸ್, ಪಿಜ್ಜಾ ಮೂರನ್ನೂ ಮಾಡುವ ಕಡೆ ಪಿಜ್ಜಾಗೆಂದೇ ದೊಡ್ಡ ಕಲ್ಲಿನ ಓವನ್ ಇಟ್ಟಿರುವ ಸಾಧ್ಯತೆ ಕಡಿಮೆ, ಅಲ್ವಾ?

ಬೆಲೆಯನ್ನೂ ಹೋಲಿಸಿ. ಎಷ್ಟೋ ಕಡೆ ಆ್ಯಪ್ ಬೆಲೆ ಕೌಂಟರ್ ಬೆಲೆಗಿಂತ ಜಾಸ್ತಿ ಇರುತ್ತದೆ. ಮೇಲೆ ಡೆಲಿವರಿ, ಪ್ಯಾಕಿಂಗ್. ಹತ್ತು ನಿಮಿಷದ ನಡಿಗೆಯಲ್ಲಿ ಅಂಗಡಿ ಇದ್ದರೆ ಫೋನ್ ಮಾಡಿ ಹೇಳಿಟ್ಟು ನೀವೇ ಹೋಗಿ ತರುವುದು ದುಡ್ಡಿಗೂ ಒಳ್ಳೆಯದು, ಪಿಜ್ಜಾಗೂ ಒಳ್ಳೆಯದು.

ಯಾವ ದಿನಕ್ಕೆ ಯಾವುದು

ಮನೆಗೆ ತರಿಸುವುದಾದರೆ ಕಲ್ಲಿನ ಓವನ್ನಿನ ನೇಪಲ್ಸ್ ಪಿಜ್ಜಾ ಬೇಡವೇ ಬೇಡ. ಮೊದಲೇ ತೇವ ಇರುವ ಬೇಸ್, ಡಬ್ಬಿಯೊಳಗಿನ ಹಬೆ, ಸಿಲ್ಕ್ ಬೋರ್ಡ್ ಟ್ರಾಫಿಕ್. ಮೂರೂ ಸೇರಿದರೆ 700 ರೂಪಾಯಿ ಪಿಜ್ಜಾ ಒದ್ದೆ ಬಟ್ಟೆ. ಡೆಕ್ ಅಥವಾ ಕನ್ವೇಯರ್ ಪಿಜ್ಜಾ ಈ ಪ್ರಯಾಣ ತಡೆದುಕೊಳ್ಳುತ್ತದೆ. ಡಬ್ಬಿ ತಂದ ಮೇಲೆ ಮುಚ್ಚಳ ಸ್ವಲ್ಪ ತೆರೆದಿಡಿ.

ಇಬ್ಬರೇ ಕೂತು ನಿಧಾನವಾಗಿ ತಿನ್ನುವ ಸಂಜೆಗೆ ಕಲ್ಲಿನ ಓವನ್. ಓವನ್ ಕಾಣುವ ಟೇಬಲ್ ಕೇಳಿ, ಒಂದೊಂದಾಗಿ ಆರ್ಡರ್ ಮಾಡಿ. ಎರಡನ್ನೂ ಒಟ್ಟಿಗೆ ತರಿಸಿದರೆ ಎರಡನೆಯದು ತಣ್ಣಗಾಗುತ್ತದೆ. ಬಂದ ಐದು ನಿಮಿಷದೊಳಗೆ ತಿಂದರೇ ಅದಕ್ಕೆ ಕೊಟ್ಟ ದುಡ್ಡು ವಸೂಲು.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ ಸುಮ್ನೆ ಸಾಹಸ ಬೇಡ. ಡೆಕ್ ಓವನ್ ಅಂಗಡಿಗೆ ಹೋಗಿ 'ಸ್ವಲ್ಪ ಜಾಸ್ತಿ ಬೇಯಿಸಿ, ಚಿಕ್ಕ ಚಿಕ್ಕದಾಗಿ ಕತ್ತರಿಸಿ' ಎಂದು ಹೇಳಿ. ಸ್ವತಂತ್ರ ಅಂಗಡಿಯ ದೊಡ್ಡ ಲಾಭ ಇದೇ, ಹೇಳಿದ್ದನ್ನು ಕೇಳಿಸಿಕೊಳ್ಳುವವರು ಇರುತ್ತಾರೆ. ಎರಡನೇ ಸಲ ಹೋದರೆ ಗುರುತೂ ಹಿಡಿಯುತ್ತಾರೆ.

ಮಕ್ಕಳ ಹುಟ್ಟುಹಬ್ಬಕ್ಕೆ ಹದಿನೈದು ಜನ ಸೇರುವುದಾದರೆ ಚೈನ್ ಅಂಗಡಿಯೇ ಸರಿ. ಒಂದೇ ಹೊತ್ತಿಗೆ ಎಂಟು ಪಿಜ್ಜಾ ಹೇಳಿದರೆ ಸಣ್ಣ ಓವನ್ನಿನವರು ಒದ್ದಾಡುತ್ತಾರೆ. ಕಲ್ಲು ತಣ್ಣಗಾಗುತ್ತಾ ಹೋಗಿ ಕೊನೆಯ ಎರಡು ಪಿಜ್ಜಾ ಬೆಳ್ಳಗೆ ಬರುತ್ತವೆ. ಏರಿಯಾ ಅಂಗಡಿಯದ್ದೇ ಬೇಕು ಎಂದರೆ ಹಿಂದಿನ ದಿನವೇ ಹೇಳಿ, ಎರಡು ಕಂತಿನಲ್ಲಿ ತರಿಸಿ.

ಉಳಿದ ಚೂರುಗಳನ್ನು ಮೈಕ್ರೊವೇವ್‌ನಲ್ಲಿ ಬಿಸಿ ಮಾಡಬೇಡಿ, ಬೇಸ್ ಮೊದಲು ಮೆತ್ತಗಾಗಿ ಆಮೇಲೆ ಬಿರುಸಾಗುತ್ತದೆ. ದಪ್ಪ ತಳದ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ಚೂರು ಇಡಿ. ತಳ ಗರಿಯಾದ ಮೇಲೆ ಕಾವಲಿಯ ಬದಿಗೆ ಎರಡು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಅರ್ಧ ನಿಮಿಷದಲ್ಲಿ ಚೀಸ್ ಕರಗುತ್ತದೆ. ಡೆಕ್ ಓವನ್ ಪಿಜ್ಜಾಗೆ ಇದು ಚೆನ್ನಾಗಿ ಒಗ್ಗುತ್ತದೆ, ಪ್ಯಾನ್ ಪಿಜ್ಜಾಗೂ ನಡೆಯುತ್ತದೆ. ಅನಲಾಗ್ ಚೀಸ್ ಹಾಕಿದ್ದರೆ ಎಷ್ಟು ಹೊತ್ತು ಮುಚ್ಚಿಟ್ಟರೂ ಮೊದಲಿನ ಹಾಗೆ ಆಗುವುದಿಲ್ಲ.